‘ಶೀ’ ಎಂದರೆ ಯಾರು? ಇಂಗ್ಲಿಷ್ ವಾಕ್ಯದಲ್ಲಿ ಸರ್ವನಾಮದ ಅರ್ಥ ನಿರ್ಧಾರವಾಗುವ ಬಗೆ

ಇಂಗ್ಲಿಷ್ ವ್ಯಾಕರಣದ ಪಠ್ಯಗಳು ಸರ್ವನಾಮ, ಕ್ರಿಯಾಪದ, ಸಂಯೋಜಕ ಎಂಬ ಮೂರು ಪದವರ್ಗಗಳನ್ನು ಸಾಮಾನ್ಯವಾಗಿ ಮೂರು ಬೇರೆ ಬೇರೆ ಪಾಠಗಳಲ್ಲಿ ವಿವರಿಸುತ್ತವೆ. ಹೆಸರಿನ ಬದಲಿಗೆ ಬರುವ ‘ಹೀ’, ‘ಶೀ’, ‘ದೇ’ ಮೊದಲಾದವು ಸರ್ವನಾಮಗಳು. ನಡೆದದ್ದನ್ನು ಇಲ್ಲವೇ ಇರುವುದನ್ನು ಹೇಳುವ ಪದ ಕ್ರಿಯಾಪದ. ಪದಕ್ಕೆ ಪದವನ್ನೋ ವಾಕ್ಯಕ್ಕೆ ವಾಕ್ಯವನ್ನೋ ಜೋಡಿಸುವ ‘ಅಂಡ್’, ‘ಬಿಕಾಸ್’, ‘ಸೋ’, ‘ವೆನ್’ ಮುಂತಾದವು ಸಂಯೋಜಕಗಳು. ಆದರೆ ಆಡುವ ಮಾತಿನಲ್ಲಿ ಈ ಮೂರೂ ಬಿಡಿಬಿಡಿಯಾಗಿ ಕೆಲಸ ಮಾಡುವುದಿಲ್ಲ. ಸರ್ವನಾಮ ತಾನಾಗಿ ಯಾರನ್ನೂ ಹೆಸರಿಸುವುದಿಲ್ಲವಾದ್ದರಿಂದ, ಅದು ಯಾರಿಗೆ ಸಲ್ಲುತ್ತದೆ ಎಂಬುದನ್ನು ಕೇಳುಗರು ಪ್ರತಿ ಸಲವೂ ಹೊಸದಾಗಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಆ ನಿರ್ಧಾರದಲ್ಲಿ ಸರ್ವನಾಮಕ್ಕಿಂತ ಅದರ ಆಚೀಚೆ ನಿಂತ ಕ್ರಿಯಾಪದ ಮತ್ತು ಸಂಯೋಜಕಗಳ ಪಾಲೇ ದೊಡ್ಡದು.

ಸರ್ವನಾಮದ ಮೇಲೆ ಇಂಗ್ಲಿಷಿನಲ್ಲಿ ಬಿದ್ದಿರುವ ಹೊರೆ ಕನ್ನಡಿಗರ ಊಹೆಗಿಂತ ಹೆಚ್ಚು. ‘ಬಂದಳು’ ಎಂಬ ಒಂದೇ ಪದದಲ್ಲಿ ಕನ್ನಡವು ಕಾಲ, ಲಿಂಗ, ವಚನ, ಪುರುಷಗಳನ್ನು ತಿಳಿಸಿಬಿಡುತ್ತದೆ. ಇಂಗ್ಲಿಷಿನ ‘ಕೇಮ್’ ಎಂಬುದು ಬಂದವರು ಯಾರೇ ಆಗಿರಲಿ, ಎಷ್ಟೇ ಮಂದಿಯಿರಲಿ, ಬದಲಾಗುವುದಿಲ್ಲ. ಹಳೆಯ ಇಂಗ್ಲಿಷಿನ ಕ್ರಿಯಾಪದಗಳಿಗೆ ಇದ್ದ ಹಲವು ಪ್ರತ್ಯಯಗಳು ಶತಮಾನಗಳ ಬಳಕೆಯಲ್ಲಿ ಸವೆದು, ಇಂದು ಸಾಮಾನ್ಯ ಕ್ರಿಯಾಪದಗಳಲ್ಲಿ ಕರ್ತೃವಿಗೆ ಹೊಂದುವ ಗುರುತಾಗಿ ಉಳಿದಿರುವುದು ವರ್ತಮಾನಕಾಲದ ಪ್ರಥಮಪುರುಷ ಏಕವಚನದಲ್ಲಿ ಸೇರುವ ‘ಸ್’ ಒಂದೇ. ಸರ್ವನಾಮಗಳೂ ಈ ಸವೆತದಿಂದ ಪೂರ್ತಿ ಪಾರಾಗಲಿಲ್ಲ. ‘ಅವರು’ ಎಂಬರ್ಥದ ಹಳೆಯ ಇಂಗ್ಲಿಷ್ ರೂಪವು ‘ಅವನು’ ಎಂಬರ್ಥದ ರೂಪಕ್ಕೆ ಉಚ್ಚಾರಣೆಯಲ್ಲಿ ತೀರ ಸಮೀಪವಾಗಿತ್ತು. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನೆಲೆಸಿದವರ ಭಾಷೆಯಿಂದ ‘ದೇ’ ಎಂಬ ರೂಪ ಎರವಲಾಗಿ ಬಂದ ಮೇಲೆ ಆ ಗೊಂದಲ ತಪ್ಪಿತು. 14ನೆಯ ಶತಮಾನದ ಕವಿ ಚಾಸರನ ಬರವಣಿಗೆಯಲ್ಲಿ ಕರ್ತೃಸ್ಥಾನದಲ್ಲಿ ಈ ಹೊಸ ‘ದೇ’ ಇದ್ದರೆ, ಕರ್ಮಸ್ಥಾನದಲ್ಲಿ ‘ಹೆಮ್’ ಎಂಬ ಹಳೆಯ ರೂಪವೇ ಉಳಿದುಕೊಂಡಿದೆ.

ಸರ್ವನಾಮ ಯಾರನ್ನು ಸೂಚಿಸಬಹುದು ಎಂಬುದಕ್ಕೆ ಮೊದಲ ಮಿತಿಯನ್ನು ಹಾಕುವುದು ವಾಕ್ಯದ ಕಟ್ಟಡ. ಇಂಗ್ಲಿಷಿನ ಸಂಯೋಜಕಗಳಲ್ಲಿ ಎರಡು ಬಗೆ: ‘ಅಂಡ್’, ‘ಬಟ್’ಗಳಂತೆ ಎರಡು ವಾಕ್ಯಗಳನ್ನು ಸರಿಸಮವಾಗಿ ನಿಲ್ಲಿಸುವಂಥವು ಒಂದು ಬಗೆ, ‘ವೆನ್’, ‘ಬಿಕಾಸ್’ಗಳಂತೆ ಒಂದು ವಾಕ್ಯವನ್ನು ಇನ್ನೊಂದಕ್ಕೆ ಅಧೀನವಾಗಿಸುವಂಥವು ಇನ್ನೊಂದು ಬಗೆ. ‘ವೆನ್ ಶೀ ಕೇಮ್ ಹೋಮ್, ಮೇರಿ ಸ್ಯಾಂಗ್’ ಎಂಬ ವಾಕ್ಯದಲ್ಲಿ ‘ಶೀ’ ಎಂಬುದು ಮೇರಿಯ ಹೆಸರಿಗಿಂತ ಮೊದಲೇ ಬಂದಿದ್ದರೂ, ಮನೆಗೆ ಬಂದವಳು ಮೇರಿಯೇ ಎಂದು ತಿಳಿಯಲು ಅಡ್ಡಿಯಿಲ್ಲ. ‘ಶೀ ಸ್ಯಾಂಗ್ ವೆನ್ ಮೇರಿ ಕೇಮ್ ಹೋಮ್’ ಎಂದೊಡನೆ ಹಾಡಿದವಳು ಬೇರೆ, ಬಂದ ಮೇರಿ ಬೇರೆ. ‘ಶೀ ಕೇಮ್ ಹೋಮ್ ಅಂಡ್ ಮೇರಿ ಸ್ಯಾಂಗ್’ ಎಂದಾಗಲೂ ಇಬ್ಬರು ಬೇರೆ ಬೇರೆಯವರೇ. ಅಂದರೆ ಸರ್ವನಾಮವು ಅಧೀನ ವಾಕ್ಯದೊಳಗಿದ್ದರೆ ಮುಂದೆ ಬರಲಿರುವ ಹೆಸರನ್ನು ಸೂಚಿಸಬಲ್ಲದು. ಪ್ರಧಾನ ವಾಕ್ಯದ ಕರ್ತೃವಾಗಿ ಕುಳಿತಾಗ ಆ ಸ್ವಾತಂತ್ರ್ಯ ಅದಕ್ಕಿಲ್ಲ. ಈ ನಿಯಮವನ್ನು ಯಾರೂ ಮಕ್ಕಳಿಗೆ ಹೇಳಿಕೊಡುವುದಿಲ್ಲ. ಆದರೂ ಇಂಗ್ಲಿಷ್ ಮನೆಮಾತಿನ ಎಳೆಯ ಮಕ್ಕಳು, ಶಾಲೆಯ ಮೆಟ್ಟಿಲು ಹತ್ತುವ ಮುನ್ನವೇ, ಅದನ್ನು ಪಾಲಿಸುತ್ತಾರೆಂದು ಸ್ಟೀಫನ್ ಕ್ರೇನ್ ಮತ್ತು ಸೆಸಿಲ್ ಮೆಕ್ಕೀ 1985ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು.

ಕಟ್ಟಡವು ಇಬ್ಬರಿಗೂ ಅವಕಾಶ ಕೊಟ್ಟಾಗ ಮುಂದಿನ ಮಾತು ಕ್ರಿಯಾಪದದ್ದು. ‘ಮೇರಿ ಸ್ಕೇರ್ಡ್ ಆನಾ ಬಿಕಾಸ್ ಶೀ...’ ಎಂಬಲ್ಲಿಗೆ, ಅಂದರೆ ‘ಮೇರಿ ಆನಾಳನ್ನು ಹೆದರಿಸಿದಳು, ಏಕೆಂದರೆ ಅವಳು...’ ಎಂಬಲ್ಲಿಗೆ ವಾಕ್ಯವನ್ನು ನಿಲ್ಲಿಸಿ, ಉಳಿದುದನ್ನು ಪೂರ್ತಿಮಾಡಿ ಎಂದರೆ ಹೆಚ್ಚಿನವರು ಮೇರಿ ಮಾಡಿದ್ದೇನೋ ಒಂದನ್ನು ಹೇಳುತ್ತಾರೆ. ‘ಸ್ಕೇರ್ಡ್’ ಇದ್ದ ಜಾಗದಲ್ಲಿ ‘ಫಿಯರ್ಡ್’ ಎಂದಿಟ್ಟು, ‘ಮೇರಿ ಆನಾಳಿಗೆ ಹೆದರುತ್ತಿದ್ದಳು, ಏಕೆಂದರೆ ಅವಳು...’ ಎಂದರೆ ಅದೇ ಜನ ಆನಾಳ ಸಿಟ್ಟನ್ನೋ ಅಧಿಕಾರವನ್ನೋ ಹೇಳತೊಡಗುತ್ತಾರೆ. ಹೆಸರು, ಸರ್ವನಾಮ, ಸಂಯೋಜಕ ಯಾವುದೂ ಬದಲಾಗಿಲ್ಲ, ಬದಲಾದದ್ದು ಕ್ರಿಯಾಪದವೊಂದೇ. ನಡೆದ ಸಂಗತಿಗೆ ಕಾರಣ ಯಾರು ಎಂಬ ಊಹೆಯನ್ನು ಕ್ರಿಯಾಪದ ತನ್ನೊಳಗೇ ಇಟ್ಟುಕೊಂಡಿರುತ್ತದೆ ಎಂಬುದನ್ನು ಕ್ಯಾಥರೀನ್ ಗಾರ್ವಿ ಮತ್ತು ಆಲ್ಫೊನ್ಸೊ ಕರಮಾಜಾ 1974ರಲ್ಲಿ ಪ್ರತಿಪಾದಿಸಿದರು. ಬಾಯಿಬಿಟ್ಟು ಹೇಳದ ಈ ಕಾರಣದ ಸೂಚನೆಯನ್ನು ಅಂತರ್ಗತ ಕಾರಣತ್ವ ಎನ್ನಬಹುದು. ‘ಕ್ಷಮೆ ಕೇಳು’ ಎಂಬರ್ಥದ ಕ್ರಿಯಾಪದ ಕೇಳಿದವರ ಕಡೆಗೆ ಬೊಟ್ಟು ಮಾಡಿದರೆ, ‘ಹೊಗಳು’ ಎಂಬರ್ಥದ್ದು ಹೊಗಳಿಸಿಕೊಂಡವರ ಕಡೆಗೆ ಮಾಡುತ್ತದೆ. ಈ ನಿರೀಕ್ಷೆಗೆ ವಿರುದ್ಧವಾದ ಸರ್ವನಾಮ ಎದುರಾದರೆ ಓದುಗರ ವೇಗ ಅಲ್ಲಿ ತುಸು ಕುಗ್ಗುವುದನ್ನು ಮುಂದಿನ ಪ್ರಯೋಗಗಳು ಅಳೆದಿವೆ.

ಆದರೆ ಕ್ರಿಯಾಪದದ ಈ ಸೂಚನೆಯನ್ನು ಬಳಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಸಂಯೋಜಕ. ‘ಬಿಕಾಸ್’ ಎಂಬುದು ಕಾರಣವನ್ನು ಕೇಳುತ್ತದೆ. ‘ಸೋ’ ಎಂಬುದು ಪರಿಣಾಮವನ್ನು ಕೇಳುತ್ತದೆ. ‘ಮೇರಿ ಸ್ಕೇರ್ಡ್ ಆನಾ, ಸೋ ಶೀ...’ ಎಂದಾಕ್ಷಣ ‘ಶೀ’ ಎಂಬುದು ಮೇರಿಯನ್ನು ಬಿಟ್ಟು ಆನಾಳತ್ತ ವಾಲುತ್ತದೆ, ಏಕೆಂದರೆ ಹೆದರಿಸಿದ್ದರ ಪರಿಣಾಮ ಹೆದರಿದವಳ ಮೇಲೆ: ಅವಳು ಕಿರುಚಿರಬಹುದು, ಓಡಿರಬಹುದು. ‘ಫಿಯರ್ಡ್’ ಜೊತೆಗೆ ‘ಸೋ’ ಸೇರಿದರೆ ಹೆದರಿದವಳು ಮೇರಿಯಾದ್ದರಿಂದ ತಪ್ಪಿಸಿಕೊಂಡು ಓಡಾಡುವವಳೂ ಮೇರಿಯೇ. ಹೀಗೆ ಎರಡು ಕ್ರಿಯಾಪದ, ಎರಡು ಸಂಯೋಜಕಗಳ ನಾಲ್ಕು ಜೋಡಣೆಗಳಲ್ಲಿ ಒಂದೇ ಸರ್ವನಾಮ ಇಬ್ಬರ ನಡುವೆ ಅತ್ತಿತ್ತ ಓಡಾಡುತ್ತದೆ. ಕ್ರಿಯಾಪದವೊಂದನ್ನೇ ನೋಡಿಯೋ ಸಂಯೋಜಕವೊಂದನ್ನೇ ನೋಡಿಯೋ ಉತ್ತರ ಹೇಳಲಾಗದು. ಎರಡನ್ನೂ ಕೂಡಿಸಿದಾಗಲೇ ಉತ್ತರ ದೊರೆಯುತ್ತದೆ.

ಇಷ್ಟಾದರೂ ವ್ಯಾಕರಣ ಕೈಚೆಲ್ಲುವ ಸಂದರ್ಭಗಳಿವೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಟೆರಿ ವಿನೋಗ್ರಾಡ್ 1972ರಲ್ಲಿ ಒಂದು ಜೋಡಿ ವಾಕ್ಯವನ್ನು ಮುಂದಿಟ್ಟರು. ನಗರಸಭೆಯ ಸದಸ್ಯರು ಪ್ರತಿಭಟನಕಾರರಿಗೆ ಅನುಮತಿ ಕೊಡಲಿಲ್ಲ, ಏಕೆಂದರೆ ‘ಅವರು’ ಹಿಂಸಾಚಾರಕ್ಕೆ ಹೆದರಿದರು ಎಂಬುದು ಮೊದಲನೆಯದು. ‘ಅವರು’ ಕ್ರಾಂತಿಯನ್ನು ಪ್ರತಿಪಾದಿಸಿದರು ಎಂದು ಮುಗಿಯುವುದು ಎರಡನೆಯದು. ಮೊದಲನೆಯದರಲ್ಲಿ ‘ಅವರು’ ಎಂದರೆ ಸದಸ್ಯರು, ಎರಡನೆಯದರಲ್ಲಿ ಪ್ರತಿಭಟನಕಾರರು ಎಂಬುದು ಓದಿದೊಡನೆ ಹೊಳೆಯುತ್ತದೆ. ಹೊಳೆಯುವುದು ನಗರಸಭೆ, ಮೆರವಣಿಗೆ, ಅನುಮತಿಗಳ ಬಗ್ಗೆ ಓದುಗರಿಗಿರುವ ಲೋಕಜ್ಞಾನದಿಂದ. ಯಂತ್ರಕ್ಕೆ ಈ ತಿಳಿವಳಿಕೆ ಇದೆಯೇ ಎಂದು ಪರೀಕ್ಷಿಸಲು, ಟೊರಾಂಟೊ ವಿಶ್ವವಿದ್ಯಾಲಯದ ಹೆಕ್ಟರ್ ಲೆವೆಸ್ಕ್ ಇಂಥ ವಾಕ್ಯಜೋಡಿಗಳನ್ನೇ ಪ್ರಶ್ನೆಪತ್ರಿಕೆಯಾಗಿಸಿ, ಅದಕ್ಕೆ ವಿನೋಗ್ರಾಡರ ಹೆಸರಿಟ್ಟರು. 2016ರಲ್ಲಿ ನಡೆದ ಸ್ಪರ್ಧೆಯಲ್ಲಿ ಅತ್ಯುತ್ತಮ ಕಾರ್ಯಕ್ರಮದ ಅಂಕ ಶೇ. 60ನ್ನೂ ಮುಟ್ಟಲಿಲ್ಲ, ಅಪಾರ ಪಠ್ಯರಾಶಿಯನ್ನು ಓದಿ ತರಬೇತಾದ ಭಾಷಾ ಮಾದರಿಗಳು ಅನಂತರದ ಕೆಲವೇ ವರ್ಷಗಳಲ್ಲಿ ಅಂಥ ಪ್ರಶ್ನೆಗಳಲ್ಲಿ ಶೇ. 90ನ್ನು ದಾಟಿದವು. ಆದರೆ ಅದು ನಿಜವಾದ ಲೋಕಜ್ಞಾನವೇ, ಪದಗಳ ಸಹವಾಸದಿಂದ ಹುಟ್ಟಿದ ಊಹೆಯೇ ಎಂಬ ಚರ್ಚೆ ಅಂಕಗಳಿಂದ ಮುಗಿದಿಲ್ಲ.

ಸರ್ವನಾಮವನ್ನು ಪೂರ್ತಿ ಬಿಟ್ಟುಬಿಟ್ಟಾಗ ಭಾಷೆ ಭಾಷೆಗಳ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ‘ಮೇರಿ ಹಗ್ಡ್ ಆನಾ ಅಂಡ್ ಲೆಫ್ಟ್’ ಎಂದರೆ ಅಪ್ಪಿಕೊಂಡವಳೂ ಮೇರಿ, ಹೊರಟವಳೂ ಮೇರಿ. ‘ಅಂಡ್’ ಆದ ಮೇಲೆ ಖಾಲಿ ಬಿಟ್ಟ ಕರ್ತೃಸ್ಥಾನಕ್ಕೆ ಮೊದಲ ವಾಕ್ಯದ ಕರ್ತೃವಿಗೆ ಮಾತ್ರ ಪ್ರವೇಶ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಈಶಾನ್ಯ ಭಾಗದ ಮೂಲನಿವಾಸಿಗಳ ಡಿರ್ಬಲ್ ಭಾಷೆಯಲ್ಲಿ ಇಂಥ ವಾಕ್ಯ ಬಂದರೆ ಹೊರಟವಳು ಆನಾ, ಅಂದರೆ ಮೊದಲ ವಾಕ್ಯದ ಕರ್ಮ, ಎಂಬುದನ್ನು ಆರ್. ಎಂ. ಡಬ್ಲ್ಯೂ. ಡಿಕ್ಸನ್ 1972ರ ತಮ್ಮ ವ್ಯಾಕರಣ ಗ್ರಂಥದಲ್ಲಿ ವಿವರಿಸಿದರು. ಇಂಗ್ಲಿಷಿನ ನಿಯಮ ಸಹಜವೆಂದು ತೋರುವುದು ರೂಢಿಯಿಂದಲೇ ಹೊರತು, ಅದು ಎಲ್ಲ ಭಾಷೆಗಳಿಗೂ ಅನ್ವಯಿಸುವ ತರ್ಕವೇನಲ್ಲ.

ಕನ್ನಡವು ಇದೇ ಅರ್ಥವನ್ನು ಸಂಯೋಜಕವನ್ನೂ ಸರ್ವನಾಮವನ್ನೂ ಬಿಟ್ಟು, ‘ಅಪ್ಪಿಕೊಂಡು ಹೊರಟಳು’ ಎಂದು ಎರಡು ಕ್ರಿಯಾರೂಪಗಳಲ್ಲೇ ಹೇಳಿ ಮುಗಿಸುತ್ತದೆ. ‘ಅಪ್ಪಿಕೊಂಡು’ ಎಂಬಂಥ ಕೃದಂತಾವ್ಯಯಕ್ಕೂ ಅದರ ಮುಂದಿನ ಪೂರ್ಣ ಕ್ರಿಯಾಪದಕ್ಕೂ ಸಾಮಾನ್ಯವಾಗಿ ಒಬ್ಬನೇ ಕರ್ತೃ ಇರಬೇಕೆಂಬ ನಿಯಮ ಇಲ್ಲಿ ಜೋಡಣೆಯ ಕೆಲಸವನ್ನು ನಿರ್ವಹಿಸುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಅನುವಾದಗಳು ಎಡವುವ ಜಾಗವೂ ಇದೇ. ಮೇರಿ ಹಾಡಿದ ಆ ವಾಕ್ಯವನ್ನು ಪದಕ್ಕೆ ಪದವಿಟ್ಟು ‘ಅವಳು ಮನೆಗೆ ಬಂದಾಗ ಮೇರಿ ಹಾಡಿದಳು’ ಎಂದು ಬರೆದರೆ, ಕನ್ನಡದ ಓದುಗರು ಬಂದವಳು ಬೇರೆ ಯಾರೋ ಎಂದು ತಿಳಿಯುವ ಸಂಭವವೇ ಹೆಚ್ಚು. ‘ಮನೆಗೆ ಬಂದಾಗ ಮೇರಿ ಹಾಡಿದಳು’ ಎಂದು ಸರ್ವನಾಮವನ್ನು ಕೈಬಿಟ್ಟರೆ ಸಂಶಯಕ್ಕೆ ಎಡೆ ಕಡಿಮೆ. ಆದ್ದರಿಂದ ಇಂಗ್ಲಿಷನ್ನು ಕಲಿಯುವವರಿಗಾಗಲಿ, ಅದರಿಂದ ಅನುವಾದಿಸುವವರಿಗಾಗಲಿ, ‘ಶೀ’ ಎಂಬ ಪದದ ಅರ್ಥವನ್ನು ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಜೋಡಿಸಿರುವ ಸಂಯೋಜಕ ಯಾವುದು, ಅದರ ಹಿಂದುಮುಂದಿನ ಕ್ರಿಯಾಪದಗಳು ಯಾರ ಕಡೆಗೆ ಬೊಟ್ಟು ಮಾಡುತ್ತಿವೆ ಎಂಬುದನ್ನು ನೋಡಿದ ಮೇಲೆಯೇ ಆ ವಾಕ್ಯ ಅರ್ಥವಾದಂತೆ.