ಪರದೇಶದಲ್ಲಿ ಮಗಳಿಗೆ ಹದಿನೈದು ತುಂಬಿತು

"ನನ್ನ ಹುಟ್ಟುಹಬ್ಬ ಇಲ್ಲೇ ಆಗಬೇಕು. ಗೆಳತ್ಯಾರೆಲ್ಲ ಬರಬೇಕು. ಇಲ್ಲಾಂದ್ರ ನಾ ಎಲ್ಲಿಗೂ ಬರಂಗಿಲ್ಲ!"

2024 ರ ಏಪ್ರಿಲ್ ತಿಂಗಳು. ನಮ್ಮ ಮಾಣಿಕನಗರದ ಮನೆಯಲ್ಲಿ ಮಗಳು ಹೀಗೆ ಹಟ ಹಿಡಿದು ಕೂತಳು. ನಮ್ಮ ಮನೆಯವರಿಗೋ, ಮಕ್ಕಳಿಗೆ ಒಮ್ಮೆ ನೇಪಾಳ ತೋರಿಸಬೇಕೆಂಬುದು ಬಹಳ ದಿನದ ಆಸೆ. ಅದಕ್ಕೆಂದೇ ನಾಲ್ಕು ವರ್ಷದಿಂದ ಹಣ ಕೂಡಿಟ್ಟಿದ್ದರು. ರಜೆ ಸಿಕ್ಕಿದ್ದು ಮೇ ತಿಂಗಳಲ್ಲಿ, ಮಗಳ ಹುಟ್ಟಿದ ದಿನ ಮೇ 16. ಅವಳ ಮುಂದಿನ ವರ್ಷ ಹತ್ತನೇ ಇಯತ್ತೆ, ಆಮೇಲೆ ಎಲ್ಲಿಯ ಪ್ರವಾಸ? ಅತ್ತ ಅಪ್ಪ, ಇತ್ತ ಮಗಳು, ನಡುವೆ ನಾನು. ತಾಯಂದಿರ ಪಾಡು ನಿಮಗೆ ನಾನು ಹೇಳಬೇಕೆ?

ಕೊನೆಗೆ, ಊರಿಗೆ ಮರಳಿದ ಮೇಲೆ ಗೆಳತಿಯರಿಗೆ ಬೇರೆ ಊಟ ಹಾಕಿಸುವುದೆಂದು ಒಪ್ಪಂದವಾಯಿತು. ಮುಖ ಉಬ್ಬಿಸಿಕೊಂಡೇ ಹೊರಟಳು.

ಪರದೇಶವೆಂದರೆ ವಿಮಾನವೇ ಬೇಕೆಂದಿಲ್ಲ, ಸೋದರಿಯರೆ. ನಾವು ಮೇ 7 ಕ್ಕೆ ಲೋಕಸಭೆಯ ಮತ ಹಾಕಿ, ನಾಲ್ಕಾರು ದಿನ ಬಿಟ್ಟು ಸಿಕಂದರಾಬಾದಿನಿಂದ ಗೋರಖಪುರದ ರೈಲು ಹಿಡಿದೆವು. ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ. ಅಲ್ಲಿ ಗಡಿಯ ಕಮಾನು ದಾಟಿದರೆ ನೇಪಾಳ. ಕಾಲ್ನಡಿಗೆಯಲ್ಲೇ ಪರದೇಶಕ್ಕೆ ಹೋದೆವೆಂದು ನನ್ನ ಹನ್ನೊಂದು ವರ್ಷದ ಮಗನಿಗೆ ಎಲ್ಲಿಲ್ಲದ ಸಂಭ್ರಮ!

ಕಾಗದ ಪತ್ರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೇಪಾಳಕ್ಕೆ ನಮಗೆ ವೀಸಾ ಬೇಡ. ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೆ ಮತದಾರರ ಚೀಟಿ ಸಾಕು. ಹದಿನೈದು ತುಂಬದ ಮಕ್ಕಳಿಗೆ ಭಾವಚಿತ್ರವಿರುವ ಆಧಾರ್ ನಡೆಯುತ್ತದೆ. ಹದಿನೈದರಿಂದ ಹದಿನೆಂಟರ ಮಕ್ಕಳ ಹತ್ತಿರ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಮುಖ್ಯೋಪಾಧ್ಯಾಯರು ಗೊತ್ತಾದ ನಮೂನೆಯಲ್ಲಿ ಗುರುತಿನ ಪತ್ರ ಬರೆದುಕೊಡಬೇಕು. ನಮ್ಮ ಮಗಳು ಗಡಿ ದಾಟುವಾಗ ಹದಿನಾಲ್ಕರವಳು, ಮರಳುವಾಗ ಹದಿನೈದರವಳು! ಈ ಮಾತು ನಮಗೆ ಹೊಳೆದದ್ದೇ ಹೊರಡುವ ವಾರ. ಶಾಲೆಗೆ ಬೇಸಿಗೆ ರಜೆ. ಗುರುಗಳ ಮನೆಗೇ ಹೋಗಿ ಪತ್ರ ಬರೆಸಿಕೊಂಡು ಬಂದೆವು. ನೀವು ಹೋಗುವುದಿದ್ದರೆ ತಿಂಗಳ ಮೊದಲೇ ನಿಯಮ ವಿಚಾರಿಸಿಕೊಳ್ಳಿ.

ಗಡಿಯಲ್ಲಿ ನಮ್ಮಿಬ್ಬರ ಚೀಟಿ ನೋಡಿದ ಮಗಳು, "ಅಮ್ಮಾ, ಪಪ್ಪಾಂದು ಜೂನ್ ಒಂದು, ನಿಂದೂ ಜೂನ್ ಒಂದು! ಇಬ್ರೂ ಒಂದೇ ದಿನ ಹುಟ್ಟೀರೇನು?" ಎಂದಳು. ಗದ್ದಲದಲ್ಲಿ ನಾನು ನಕ್ಕು ಸುಮ್ಮನಾದೆ.

ಲುಂಬಿನಿ ಸೇರಿದ್ದು 15 ರ ಸಂಜೆ. ಬಿಸಿಲು ನಮ್ಮ ಬೀದರ ಜಿಲ್ಲೆಯನ್ನೂ ಮೀರಿಸುವಂಥದು. ಮಗಳ ಫೋನಿಗೆ ಸಂಪರ್ಕ ಸಿಗಲಿಲ್ಲ. ರಾತ್ರಿ ಹನ್ನೆರಡಕ್ಕೆ ಗೆಳತಿಯರ ಶುಭಾಶಯ ಬರುವುದಿಲ್ಲವೆಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅಳುತ್ತಿದ್ದಳೆಂದು ನನಗೆ ಗೊತ್ತು. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. "ನೋಡವಾ, ಊರಿಗಿಂತ ಮೊದಲೇ ಇಲ್ಲಿ ನಿನಗ ಹದಿನೈದು ತುಂಬಿತು" ಎಂದು ತಲೆ ಸವರಿದೆ. ಮಾತಾಡಲಿಲ್ಲ.

ಬೆಳಿಗ್ಗೆ ವಸತಿಗೃಹದ ಕೋಣೆಯಲ್ಲೇ ಎಣ್ಣೆ ಹಚ್ಚಿ ಎರೆದೆ. ಊರಿಂದ ಒಯ್ದ ಕುಂಕುಮ, ಅಕ್ಷತೆ, ತುಪ್ಪದ ಬತ್ತಿ ಎಲ್ಲ ಇತ್ತು. ಆರತಿ ಮಾಡಿ, ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ ಬಾಯಿಗಿಟ್ಟೆ. "ಕೇಕ್ ಇಲ್ಲೇನು?" ಎಂದಳಾದರೂ ಎರಡು ಹೋಳಿಗೆ ತಿಂದಳು!

ಆಮೇಲೆ ಮಾಯಾದೇವಿ ಮಂದಿರಕ್ಕೆ ಹೋದೆವು. ಬುದ್ಧ ಹುಟ್ಟಿದ ಸ್ಥಳವೆಂದು ಗುರುತಿಟ್ಟ ಕಲ್ಲು ಒಳಗಿದೆ. ಹೊರಗೆ ಪುಷ್ಕರಣಿ, ಅದರಾಚೆ ದೊಡ್ಡ ಮರ, ಪಕ್ಕದಲ್ಲಿ ಅಶೋಕನ ಕಂಬ. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷವಾದ ಮೇಲೆ ಅಶೋಕ ತಾನೇ ಇಲ್ಲಿಗೆ ಬಂದು, ಬುದ್ಧ ಇಲ್ಲಿ ಹುಟ್ಟಿದನೆಂದು ಕಲ್ಲಿನಲ್ಲಿ ಬರೆಸಿದ. ಆ ಕಾರಣಕ್ಕೆ ಈ ಊರಿನ ಕಂದಾಯವನ್ನು ಎಂಟನೆಯ ಒಂದು ಪಾಲಿಗೆ ಇಳಿಸಿದ. ಆ ಬರಹ 1896 ರಲ್ಲಿ ಮತ್ತೆ ಬೆಳಕಿಗೆ ಬಂತು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915 ರಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇದೆಯೆಂದು ಮಗಳು ಪಾಠದಲ್ಲಿ ಓದಿದ್ದಳು. ಅದನ್ನು ತಮ್ಮನಿಗೆ ವಿವರಿಸುತ್ತ ಅವಳ ಮುಖ ಅರಳಿತು.

ಮರದ ನೆರಳಲ್ಲಿ ಕೂತಾಗ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು, "ಅಮ್ಮಾ, ನಿನಗ ಹದಿನೈದು ತುಂಬಿದಾಗ ಏನು ಮಾಡಿದ್ರು?"

ನಾನು ಏನು ಹೇಳಲಿ? ಜೂನ್ ಒಂದು ನನ್ನ ಹುಟ್ಟಿದ ದಿನವೇ ಅಲ್ಲ. ಅಪ್ಪ ಶಾಲೆಗೆ ಹೆಸರು ಹಚ್ಚಲು ಹೋದಾಗ ತಾರೀಖು ಗೊತ್ತಿರಲಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ವಯಸ್ಸಿನ ಲೆಕ್ಕ ಸರಿಹೋಗಲೆಂದು ಗುರುಗಳು ಅದನ್ನೇ ಬರೆದುಕೊಂಡರು. ನಮ್ಮ ಮನೆಯವರದೂ ಅದೇ ಕಥೆ. ಈ ಭಾಗದಲ್ಲಿ ನಮ್ಮಂಥವರು ಮನೆಗೊಬ್ಬರು ಸಿಕ್ಕಾರು. ಹದಿನೈದು ಯಾವಾಗ ತುಂಬಿತೋ ನನಗೇ ತಿಳಿಯದು. ಮೆಟ್ರಿಕ್ ಮುಗಿಯುತ್ತಲೇ ಮದುವೆಯಾಯಿತು.

ಇಷ್ಟು ಹೇಳಿದೆ. ಮಗಳು ನನ್ನ ಕೈ ಹಿಡಿದುಕೊಂಡಳು. ಗೆಳತಿಯರ ಸುದ್ದಿ ಆ ದಿನ ಮತ್ತೆ ಎತ್ತಲಿಲ್ಲ.

ಊರಿಗೆ ಬಂದವಳೇ ಬಸವಕಲ್ಯಾಣದ ಹತ್ತಿರವಿರುವ ನನ್ನ ತವರಿಗೆ ಫೋನ್ ಹಚ್ಚಿ ಅಜ್ಜಿಯನ್ನು ಕೇಳಿದಳು. ನಮ್ಮವ್ವ ತಡವರಿಸಲೇ ಇಲ್ಲ! "ಮಾಣಿಕನಗರದಾಗ ದತ್ತ ಜಯಂತಿ ಜಾತ್ರಿ ನೋಡಿ ಬಂದಿದ್ವಿ. ದತ್ತ ಜಯಂತಿ ಆಗಿ ಐದನೇ ದಿನಕ್ಕ ನಿಮ್ಮವ್ವ ಹುಟ್ಟಿದಳು. ಹೊಲದಾಗ ಸೀತನಿ ಬಂದಿತ್ತು" ಎಂದಳು. ಇಷ್ಟು ವರ್ಷ ನೆನಪಿಟ್ಟವಳು ಇದ್ದಳು. ಕೇಳಬೇಕೆಂದು ನನಗೇ ತೋಚಿರಲಿಲ್ಲ.

ನಮ್ಮೂರಿಗಂತೂ ದತ್ತ ಜಯಂತಿ ದೊಡ್ಡ ದಿನ. ಮಾಣಿಕ ಪ್ರಭುಗಳು 1817 ರಲ್ಲಿ ಹುಟ್ಟಿದ್ದೂ ಅದೇ ದಿನ. 2024 ರ ಡಿಸೆಂಬರ್ 14 ಕ್ಕೆ ದತ್ತ ಜಯಂತಿ ಬಂತು. ಅದಾಗಿ ಐದನೇ ದಿನ ನಾನು ಏಳುವುದರೊಳಗೆ ಮಗಳು ಒಲೆ ಹಚ್ಚಿದ್ದಳು. ನನ್ನನ್ನು ಮಣೆಯ ಮೇಲೆ ಕೂರಿಸಿ ಆರತಿ ಮಾಡಿದಳು. ಹೋಳಿಗೆ ಎರಡು ಕಡೆ ಹರಿದಿತ್ತು, ಒಂದು ಕರಕಾಗಿತ್ತು. ನಲವತ್ತು ದಾಟಿದ ಮೇಲೆ ಬಂದ ಮೊದಲ ಹುಟ್ಟುಹಬ್ಬ! ಕಣ್ಣೀರು ತಡೆಯಲಾಗಲಿಲ್ಲ.

ಹದಿವಯಸ್ಸಿನ ಮಕ್ಕಳು ಹುಟ್ಟುಹಬ್ಬಕ್ಕೆ ಹಟ ಮಾಡಿದರೆ ಗದರಬೇಡಿ. ಹುಟ್ಟಿದ ದಿನವನ್ನು ಯಾರಾದರೂ ನೆನೆಯಲಿ ಎಂಬ ಆಸೆ ಎಲ್ಲರಿಗೂ ಇದ್ದದ್ದೇ. ಹಾಗೆಯೇ ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೂರಿಸಿ ಕೇಳಿ, ಬರೆದಿಡಿ. ಜೂನ್ ಒಂದರ ಹಿಂದೆ ನಿಜವಾದ ದಿನ ಅಡಗಿದ್ದೀತು.

ಪ್ರವಾಸಕ್ಕೆ ಒಯ್ಯುವ ಶೇಂಗಾ ಹೋಳಿಗೆ

ಎರಡು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ. ಒಂದೂವರೆ ಬಟ್ಟಲು ಹೆರೆದ ಬೆಲ್ಲ, ಏಲಕ್ಕಿ ಸೇರಿಸಿ ಮತ್ತೊಮ್ಮೆ ಕುಟ್ಟಿ. ನೀರು ತಾಗಿಸಬೇಡಿ, ಶೇಂಗಾದ ಎಣ್ಣೆಗೇ ಉಂಡೆ ಕಟ್ಟಬೇಕು. ಒಂದು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ಚಮಚ ಎಣ್ಣೆ ಹಾಕಿ ನಾದಿ ಅರ್ಧ ತಾಸು ಬಿಡಿ. ಹೂರಣ ತುಂಬಿ ತೆಳ್ಳಗೆ ಲಟ್ಟಿಸಿ ಸಣ್ಣ ಉರಿಯಲ್ಲಿ ಬೇಯಿಸಿ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿದರೆ ಎಂಟು ದಿನಕ್ಕೆ ಮೋಸವಿಲ್ಲ.