ಬೋಟಿಗೆ ಆಟೋಪೈಲಟ್ : ಚುಕ್ಕಾಣಿ ಯಂತ್ರದ ಕೈಗೆ, ಕಣ್ಣು ಮಾತ್ರ ನಮ್ಮದೇ!



ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂವರು ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು : "ನಿಮ್ಮ ಬೋಟಿಗೆ ಆಟೋಪೈಲಟ್ ಹಾಕಿದ್ದೀರಂತೆ, ನಾವೂ ಹಾಕಿಸಬಹುದಾ?" ಒಬ್ಬರದು ಪೊಟೋಮ್ಯಾಕ್ ನದಿಯಲ್ಲಿ ಬೋಟು. ಇನ್ನೊಬ್ಬರು ಅಟ್ಲಾಂಟಾದಿಂದ ಮಗಳ ಮನೆಗೆ ಬಂದವರು, ಅವರದು ಲೇಕ್ ಲೇನಿಯರ್. ಮೂರನೆಯವರು ನಾರ್ತ್ ಕೆರೊಲಿನಾದ ಶಾರ್ಲಟ್‌ನವರು. ಪಾಯಸ ಆರುವುದರೊಳಗೆ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಈ ಬರಹ.

ನಾವು ಮೂರು ಸಂಸಾರದವರು ಸೇರಿ ಕೊಂಡ ಬೋಟು ನಮ್ಮದು. 24 ಅಡಿ ಉದ್ದ, ಹಿಂದೆ ಒಂದೇ ಔಟ್‌ಬೋರ್ಡ್ ಎಂಜಿನ್, ಹೈಡ್ರಾಲಿಕ್ ಸ್ಟಿಯರಿಂಗ್. ಅನಾಪೊಲಿಸ್ ಹತ್ತಿರ ನಿಲ್ಲಿಸುತ್ತೇವೆ. ನಾವು ಇದರಲ್ಲಿ ಪಂಡಿತರಲ್ಲ. ತಪ್ಪು ಮಾಡಿ ಕಲಿತಿದ್ದನ್ನು ಹೇಳುತ್ತಿದ್ದೇವೆ, ಅಷ್ಟೇ.

ನಿಮಗೆ ನಿಜಕ್ಕೂ ಬೇಕೆ?

ಸಣ್ಣ ಪವರ್‌ಬೋಟು ನಿಧಾನವಾಗಿ ಹೋಗುವಾಗ ನೆಟ್ಟಗೆ ಹೋಗುವುದಿಲ್ಲ. ಗಾಳಿ ಒಂದು ಕಡೆ ತಳ್ಳಿದರೆ ಅಲೆ ಇನ್ನೊಂದು ಕಡೆ ಎಳೆಯುತ್ತದೆ. ವೀಲ್ ಹಿಡಿದವರು ಗಂಟೆಗಟ್ಟಲೆ ತಿದ್ದುತ್ತಲೇ ಇರಬೇಕು. ಸುಮಾರು 200 ಮೈಲಿ ಉದ್ದದ ಚೆಸಾಪೀಕ್ ಕೊಲ್ಲಿಯಲ್ಲೋ ಕೆರೊಲಿನಾದ ಪ್ಯಾಮ್ಲಿಕೊ ಸೌಂಡ್‌ನಲ್ಲೋ ದೂರ ಹೋಗುವವರಿಗೆ, ಗಾಳ ಬಿಟ್ಟುಕೊಂಡು ನಿಧಾನ ಸಾಗುವ ಮೀನು ಪ್ರಿಯರಿಗೆ ಆಟೋಪೈಲಟ್ ದೊಡ್ಡ ಉಪಕಾರಿ.

ಲೇಕ್ ಲೇನಿಯರ್, ಲೇಕ್ ನಾರ್ಮನ್‌ಗಳ ಮಾತು ಬೇರೆ. ಎರಡೂ ಅಣೆಕಟ್ಟಿನಿಂದ ಆದ ಕೆರೆಗಳು, ಅಂಕುಡೊಂಕಿನ ದಡ, ಶನಿವಾರ ಬಂದರೆ ಜಾತ್ರೆ! ಅಲ್ಲಿ ಐದು ನಿಮಿಷ ನೇರ ಹೋಗುವುದೇ ಕಷ್ಟ. ಮೀನು ಹಿಡಿಯುವುದಷ್ಟೇ ಉದ್ದೇಶವಾದರೆ ಜಿಪಿಎಸ್ ಇರುವ ವಿದ್ಯುತ್ ಟ್ರೋಲಿಂಗ್ ಮೋಟರ್ ಸಾಕು. ಅಟ್ಲಾಂಟಾದ ಹಿರಿಯರಿಗೆ ನಾವು ಹೇಳಿದ್ದೂ ಅದನ್ನೇ : "ಸಾರ್, ದುಡ್ಡು ಉಳಿಸಿ."

ಅದರ ಒಳಗೆ ಏನಿದೆ?

ಆಟೋಪೈಲಟ್ ಅಂದರೆ ನಾಲ್ಕು ವಸ್ತುಗಳು. ದಿಕ್ಕು ಹೇಳುವ ಎಲೆಕ್ಟ್ರಾನಿಕ್ ದಿಕ್ಸೂಚಿ, ಲೆಕ್ಕ ಹಾಕುವ ಕಂಪ್ಯೂಟರ್, ಸ್ಟಿಯರಿಂಗ್ ಎಣ್ಣೆಯನ್ನು ತಳ್ಳುವ ಪಂಪ್, ನಾವು ಒತ್ತುವ ಗುಂಡಿಗಳ ಫಲಕ. ಜಿಪಿಎಸ್ ಒಂದೇ ಸಾಲದು. ಬೋಟು ಯಾವ ಕಡೆ ಸಾಗುತ್ತಿದೆ ಎಂದು ಅದು ಹೇಳುತ್ತದೆಯೇ ಹೊರತು ಮೂತಿ ಯಾವ ಕಡೆಗಿದೆ ಎಂದು ಸಾಮಾನ್ಯ ಜಿಪಿಎಸ್ ಹೇಳಲಾರದು.

ಕಂಪ್ಯೂಟರಿನ ಲೆಕ್ಕದ ಹಿಂದೆ ಒಂದು ಒಳ್ಳೆಯ ಕತೆಯಿದೆ. ನಿಕೊಲಸ್ ಮಿನೋರ್ಸ್ಕಿ ಎಂಬ ಎಂಜಿನಿಯರ್ ಹಡಗಿನ ಚುಕ್ಕಾಣಿ ಹಿಡಿಯುವವರು ಹೇಗೆ ತಿರುಗಿಸುತ್ತಾರೆ ಎಂದು ಗಮನಿಸಿ 1922ರಲ್ಲಿ ಪ್ರಬಂಧ ಬರೆದ. ನುರಿತವನು ಈಗ ಎಷ್ಟು ತಪ್ಪಿದೆ ಎಂದಷ್ಟೇ ನೋಡುವುದಿಲ್ಲ. ಎಷ್ಟು ಬೇಗ ತಪ್ಪುತ್ತಿದೆ, ಆಗಿನಿಂದ ಒಂದೇ ಕಡೆಗೆ ಎಳೆಯುತ್ತಿದೆಯೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಇದನ್ನೇ ಯಂತ್ರಕ್ಕೆ ಕಲಿಸಿ, 1923ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಯುದ್ಧನೌಕೆಯ ಮೇಲೆ ಪರೀಕ್ಷಿಸಿದರು. ಇಂದಿನ ಆಟೋಪೈಲಟ್‌ಗಳ ತಿರುಳೂ ಅದೇ. ನಮ್ಮ ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಅಂಬಿಗ ಸುಳಿ ನೋಡಿ ಮೊದಲೇ ಹುಟ್ಟು ಹೊರಳಿಸುತ್ತಾನಲ್ಲ, ಅದೇ ಜಾಣತನ!

ಪಂಪ್ ಆರಿಸುವ ಲೆಕ್ಕ

ಹೆಚ್ಚಿನವರು ಬೋಟಿನ ಉದ್ದ ನೋಡಿ ಆಟೋಪೈಲಟ್ ಕೊಳ್ಳುತ್ತಾರೆ. ನೋಡಬೇಕಾದ್ದು ಎಂಜಿನ್ ತಿರುಗಿಸುವ ಹೈಡ್ರಾಲಿಕ್ ಸಿಲಿಂಡರಿನ ಗಾತ್ರವನ್ನು. ಅದರ ಮೇಲಿನ ಮಾಡೆಲ್ ನಂಬರ್ ಬರೆದುಕೊಂಡು, ಒಳಗೆ ಎಷ್ಟು ಸಿಸಿ ಎಣ್ಣೆ ಹಿಡಿಯುತ್ತದೆ ಎಂದು ತಯಾರಕರ ಪಟ್ಟಿಯಲ್ಲಿ ನೋಡಿ.

ಉದಾಹರಣೆಗೆ ಸಿಲಿಂಡರ್ 140 ಸಿಸಿ ಎನ್ನೋಣ. ನಿಮಿಷಕ್ಕೆ 1 ಲೀಟರ್ ತಳ್ಳುವ ಪಂಪ್ ಸೆಕೆಂಡಿಗೆ ಸುಮಾರು 16.7 ಸಿಸಿ ಕೊಡುತ್ತದೆ. ಅಂದರೆ ಎಂಜಿನ್ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಲು ಎಂಟೂವರೆ ಸೆಕೆಂಡ್ ಬೇಕು. ಇದು ಸರಿಯಾದ ಜೋಡಿ. ಅದೇ ಪಂಪನ್ನು 300 ಸಿಸಿ ಸಿಲಿಂಡರಿಗೆ ಹಾಕಿದರೆ 18 ಸೆಕೆಂಡ್. ಹಿಂದಿನಿಂದ ಅಲೆ ಬಂದು ಬೋಟನ್ನು ಹೊರಳಿಸುವಾಗ ಅಷ್ಟು ಹೊತ್ತು ಕಾಯಲಾಗದು. ಪಂಪ್ ಅತಿ ದೊಡ್ಡದಾದರೂ ಕಷ್ಟ. ಬೋಟು ಗಾಬರಿ ಬಿದ್ದವರ ಹಾಗೆ ಅತ್ತಿತ್ತ ಎಗರುತ್ತದೆ, ಬ್ಯಾಟರಿ ಖರ್ಚೂ ಹೆಚ್ಚು. ರೇಮರೀನ್ ಕಂಪನಿ ತನ್ನ ಟೈಪ್ 1 ಪಂಪನ್ನು 80ರಿಂದ 230 ಸಿಸಿ ಸಿಲಿಂಡರ್‌ಗಳಿಗೆ ಎಂದು ಗುರುತಿಸಿದೆ. ಗಾರ್ಮಿನ್, ಸಿಮ್ರಾಡ್‌ಗಳಲ್ಲೂ ಹೀಗೆ ಬೇರೆ ಬೇರೆ ಗಾತ್ರದ ಪಂಪ್‌ಗಳಿವೆ.

ನಿಮ್ಮದು ಹಳೆಯ ಕೇಬಲ್ ಸ್ಟಿಯರಿಂಗ್ ಆಗಿದ್ದರೆ, ಅದಕ್ಕೆಂದೇ ಬರುವ ಮೋಟರ್ ಹಾಕಬೇಕು, ಇಲ್ಲವೇ ಮೊದಲು ಹೈಡ್ರಾಲಿಕ್‌ಗೆ ಬದಲಾಯಿಸಬೇಕು. ಈ ಖರ್ಚನ್ನು ಮೊದಲೇ ಕೂಡಿಸಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಜೋಡಿಸುವಾಗ ನಾವು ಮಾಡಿದ ಎಡವಟ್ಟು

ಪಂಪ್ ಕೂರಿಸುವುದನ್ನು ಮೆಕ್ಯಾನಿಕ್ ಜೊತೆ ನಿಂತು ಮಾಡಿದೆವು. ವೀಲಿನ ಹಿಂದಿನ ಎರಡು ಎಣ್ಣೆ ಪೈಪುಗಳಿಗೂ ಟಿ ಆಕಾರದ ಜೋಡಣೆ, ಮೂರನೆಯದೊಂದು ಪೈಪು ಎಣ್ಣೆಯ ತೊಟ್ಟಿಗೆ. ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಚೂರು ಕವಾಟದಲ್ಲಿ ಸಿಕ್ಕಿಕೊಂಡರೆ ಕೆಲಸ ಕೆಟ್ಟಿತು. ತಯಾರಕರು ಹೇಳುವ ಪೇಸ್ಟ್ ಬಳಸಿ. ಆಮೇಲೆ ಒಬ್ಬರು ವೀಲ್ ತಿರುಗಿಸುತ್ತಾ, ಇನ್ನೊಬ್ಬರು ಸಿಲಿಂಡರ್ ಬಳಿ ಕೂತು, ಗುಳ್ಳೆ ನಿಲ್ಲುವ ತನಕ ಗಾಳಿ ಹೊರತೆಗೆಯಬೇಕು. ಗಾಳಿ ಉಳಿದರೆ ವೀಲ್ ಮೆತ್ತಗಾಗುತ್ತದೆ, ಆಟೋಪೈಲಟ್ ಹುಡುಕಾಡುತ್ತಲೇ ಇರುತ್ತದೆ.

ವಿದ್ಯುತ್ತಿಗೆ ಪ್ರತ್ಯೇಕ ಫ್ಯೂಸ್, ದಪ್ಪ ತಂತಿ. ಅನಾಪೊಲಿಸ್‌ನಲ್ಲೇ ಇರುವ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಮಾನದಂಡದ ಪ್ರಕಾರ, ಮುಖ್ಯ ಉಪಕರಣಗಳ ತಂತಿಯಲ್ಲಿ ವೋಲ್ಟೇಜ್ ಶೇಕಡಾ 3ಕ್ಕಿಂತ ಹೆಚ್ಚು ಇಳಿಯಬಾರದು.

ದಿಕ್ಸೂಚಿಯನ್ನು ಮಾತ್ರ "ಇದೇನು ಮಹಾ, ನಾಲ್ಕು ಸ್ಕ್ರೂ ತಾನೆ" ಎಂದು ನಾವೇ ಕೂರಿಸಿದೆವು. ಮೊದಲ ದಿನ ಅಣ್ಣಾವ್ರ ಹಾಡು ಹಾಕಿಕೊಂಡು ಹೊರಟರೆ ಬೋಟು ನಾಗರಹಾವಿನ ಹಾಗೆ ಹೊರಳತೊಡಗಿತು! ಯಂತ್ರವೇ ಕೆಟ್ಟಿದೆ ಎಂದು ಬೈದುಕೊಂಡೆವು. ನೋಡಿದರೆ ದಿಕ್ಸೂಚಿಯಿದ್ದದ್ದು ಸ್ಪೀಕರಿನ ಬೆನ್ನಿಗೆ. ಸ್ಪೀಕರಿನಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ. ಕಬ್ಬಿಣದ ಸಾಮಾನು, ದಪ್ಪ ವಿದ್ಯುತ್ ತಂತಿಗಳೂ ದಿಕ್ಸೂಚಿಗೆ ಶತ್ರುಗಳೇ. ಇವುಗಳಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ಸ್ಕ್ರೂ ಹಾಕುವ ಮೊದಲು ಕೈದಿಕ್ಸೂಚಿಯೊಂದನ್ನು ಆ ಜಾಗದಲ್ಲಿಟ್ಟು, ರೇಡಿಯೊ, ಪಂಪ್, ದೀಪ ಒಂದೊಂದಾಗಿ ಹಚ್ಚಿ ನೋಡಿ. ಮುಳ್ಳು ಅಲುಗಿದರೆ ಜಾಗ ಬದಲಿಸಿ.

ಎಲ್ಲ ಮುಗಿದ ಮೇಲೆ ಶಾಂತ ನೀರಿನಲ್ಲಿ, ಬೇರೆ ಬೋಟುಗಳಿಲ್ಲದ ಬೆಳಗಿನ ಹೊತ್ತು ನಿಧಾನವಾಗಿ ಸುತ್ತು ಹೊಡೆದು ದಿಕ್ಸೂಚಿಗೆ ಪಾಠ ಹೇಳಬೇಕು. ಈ ಕೆಲಸಕ್ಕೆ ಅವಸರ ಬೇಡ.

ಅವತ್ತು ಆದದ್ದು

ಈಗ ಮುಖ್ಯ ಮಾತು. ಸೇಂಟ್ ಮೈಕಲ್ಸ್‌ನ ಕಡಲ ಮ್ಯೂಸಿಯಂ ನೋಡಿಕೊಂಡು ಮೈಲ್ಸ್ ನದಿಯಿಂದ ಈಸ್ಟರ್ನ್ ಬೇ ಕಡೆಗೆ ವಾಪಸಾಗುತ್ತಿದ್ದೆವು. ಆಟೋಪೈಲಟ್ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಊರಿನ ಸುದ್ದಿಯಲ್ಲಿ ಮುಳುಗಿದ್ದೆವು. "ಅಂಕಲ್, ಅಲ್ಲಿ ನೋಡಿ!" ಎಂದು ಮುಂದೆ ಕೂತಿದ್ದ ಹುಡುಗಿ ಕಿರುಚಿದಳು. ಎತ್ತರದ ಉಕ್ಕಿನ ಬಾಯ್ ಒಂದು ನೇರ ಎದುರಿಗೆ! ನಕ್ಷೆಯಲ್ಲಿ ದಾರಿ ಗುರುತು ಹಾಕುವಾಗ ನಾವು ಬೆರಳಿಟ್ಟದ್ದು ಆ ಬಾಯ್ ಮೇಲೆಯೇ. ಯಂತ್ರ ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ವೀಲ್ ಹಿಡಿದು ಎಳೆದರೆ ಅದು ಮತ್ತೆ ಹಳೆಯ ದಾರಿಗೇ ತಿರುಗಿಸುತ್ತಿದೆ. ಸ್ಟ್ಯಾಂಡ್‌ಬೈ ಗುಂಡಿ ಒತ್ತಿದ ಮೇಲೆ ತಿರುಗಿತು. ಬಾಯ್ ಪಕ್ಕದಲ್ಲೇ ಹಾದುಹೋಯಿತು. ದಡ ಸೇರುವ ತನಕ ಯಾರೂ ಮಾತಾಡಲಿಲ್ಲ.

ಅಂದಿನಿಂದ ನಮ್ಮ ಬೋಟಿನ ನಿಯಮಗಳು ಇವು :

1. ದಾರಿಯ ಗುರುತನ್ನು ಬಾಯ್ ಮೇಲೆ ಇಡುವುದಿಲ್ಲ, ಅದರಿಂದ ದೂರದಲ್ಲಿ, ಆಳವಿರುವ ಕಡೆ ಇಡುತ್ತೇವೆ.

2. ಆಟೋಪೈಲಟ್ ಹಾಕಿದಾಗ ಒಬ್ಬರು ವೀಲಿನ ಬಳಿ, ಮುಂದೆ ನೋಡುತ್ತಲೇ ಇರಬೇಕು. ಜಲಸಂಚಾರದ 5ನೇ ನಿಯಮ ಹೇಳುವುದೂ ಇದನ್ನೇ : ಕಣ್ಣು, ಕಿವಿ ಸದಾ ಎಚ್ಚರವಿರಲಿ. ಏಡಿ ಬುಟ್ಟಿಗಳ ತೇಲುಗುಂಡು, ತೇಲಿಬರುವ ಮರದ ದಿಮ್ಮಿ ಯಾವುದೂ ಯಂತ್ರಕ್ಕೆ ಕಾಣುವುದಿಲ್ಲ.

3. ಬೋಟು ಹತ್ತಿದವರಿಗೆಲ್ಲ, ಮಕ್ಕಳಿಗೂ, ಸ್ಟ್ಯಾಂಡ್‌ಬೈ ಗುಂಡಿ ತೋರಿಸುತ್ತೇವೆ. ವೀಲ್ ತಿರುಗಿಸಿದರೆ ತಾನೇ ಬಿಟ್ಟುಕೊಡುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ. ಗಾರ್ಮಿನ್ ಅದನ್ನು ಶ್ಯಾಡೋ ಡ್ರೈವ್ ಎನ್ನುತ್ತದೆ. ಕೊಳ್ಳುವಾಗ ಕೇಳಿ.

4. ವೀಲಿನ ಬಳಿ ಇರುವವರು ಕಿಲ್ ಸ್ವಿಚ್ಚಿನ ಹಗ್ಗ ಮೈಗೆ ಕಟ್ಟಿಕೊಳ್ಳಲೇಬೇಕು. 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ವೇಗವಾಗಿ ಹೋಗುವಾಗ ಇದನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಫೆಡರಲ್ ಕಾನೂನು. ವೀಲ್ ಮುಚ್ಚಿದ ಕ್ಯಾಬಿನ್ ಒಳಗಿದ್ದರೆ ವಿನಾಯಿತಿ ಇದೆ. ನಾವು ನಿಧಾನ ಹೋಗುವಾಗಲೂ ಕಟ್ಟಿಕೊಳ್ಳುತ್ತೇವೆ. ಏಕೆಂದರೆ ಕೈಯಲ್ಲಿ ನಡೆಸುವ ಬೋಟು ಆಳು ಬಿದ್ದರೆ ಎತ್ತಲೋ ಸುತ್ತೀತು. ಆಟೋಪೈಲಟ್ ಇರುವ ಬೋಟು ಬಿದ್ದವರನ್ನು ನೀರಿನಲ್ಲಿ ಬಿಟ್ಟು, ನೆಟ್ಟಗೆ, ಅಚ್ಚುಕಟ್ಟಾಗಿ ದೂರ ಹೋಗುತ್ತದೆ.

ಹಾಗಾದರೆ ಹಾಕಿಸಬೇಕೆ? ದೂರ ಹೋಗುವವರಾದರೆ ಧಾರಾಳವಾಗಿ ಹಾಕಿಸಿ. ತೋಳಿಗೆ ಬಿಡುವು ಸಿಗುತ್ತದೆ, ಸುತ್ತ ನೋಡಲು ಹೆಚ್ಚು ಸಮಯ ಸಿಗುತ್ತದೆ. ಆ ಸಮಯವನ್ನು ನೋಡುವುದಕ್ಕೇ ಬಳಸಿ, ಕಾಫಿ ಆಮೇಲೆ! ಸಿಲಿಂಡರಿನ ಲೆಕ್ಕದಲ್ಲಿ ಸಂದೇಹವಿದ್ದವರು ಮಾಡೆಲ್ ನಂಬರ್ ಬರೆದುಕೊಂಡು ಮುಂದಿನ ಪಿಕ್‌ನಿಕ್‌ಗೆ ಬನ್ನಿ, ಕೂತು ನೋಡೋಣ.

ಎಲ್ಲರಿಗೂ ಸುಖ ಪ್ರಯಾಣವಾಗಲಿ.