ರಕ್ತ ಕೊಡುವ ಸುಳಿವು

ಚಟ ಎಲ್ಲಿ ಮುಗಿಯುತ್ತದೆ, ಮನೋರೋಗ ಎಲ್ಲಿ ಶುರುವಾಗುತ್ತದೆ? ಕೊಕೇನ್ ಬಿಡಲು ಬಂದವರ ರಕ್ತದಲ್ಲಿ ವಿಜ್ಞಾನಿಗಳು ಉತ್ತರ ಹುಡುಕುತ್ತಿದ್ದಾರೆ. ದುರ್ಗದ ಸೀಮೆಗೂ ಆ ಉತ್ತರ ಬೇಕಿದೆ.

ಚಿತ್ರದುರ್ಗದ ಜನಕ್ಕೆ ಕೊಳವೆಬಾವಿ ಕಲಿಸಿದ ಪಾಠವೊಂದಿದೆ. ನೀರು ಎಷ್ಟೇ ತಿಳಿಯಾಗಿರಲಿ, ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದು ಪರೀಕ್ಷೆ ಮಾತ್ರ. ಚಟಕ್ಕೂ ಅಂಥದೊಂದು ಪರೀಕ್ಷೆ ಸಿಕ್ಕರೆ ಎಂಬುದು ವೈದ್ಯಲೋಕದ ಬಹುದಿನದ ಆಸೆ.

ಕೊಕೇನ್, ಮಿದುಳಿನಲ್ಲಿ ಡೋಪಮೈನ್ ತನ್ನ ನರಕೋಶಕ್ಕೆ ಮರಳುವ ದಾರಿಯನ್ನು ಕಟ್ಟಿಬಿಡುತ್ತದೆ. ಸುಖ ಉಕ್ಕುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಇಳಿದ ಮೇಲೆ ಖಿನ್ನತೆ. ಸೇವನೆ ಹೆಚ್ಚಿದರೆ ಭಯ, ಸಂಶಯ, ಯಾರೋ ಬೆನ್ನು ಹತ್ತಿದ್ದಾರೆಂಬ ಭ್ರಮೆ. ಕೊಕೇನನ್ನು ಮುಟ್ಟಿಯೂ ನೋಡದ ಮನೋರೋಗಿಯಲ್ಲೂ ಇವೇ ಲಕ್ಷಣಗಳಿರಬಹುದು. ಯಾವುದರಿಂದ ಯಾವುದು? ತಿಳಿಯಬೇಕಾದರೆ ಸೇವನೆ ನಿಂತ ಮೇಲೆ ವಾರಗಟ್ಟಲೆ ಕಾಯಬೇಕು. ಎಷ್ಟೋ ಜನ ಚಿಕಿತ್ಸೆಯ ಕೈಬಿಡುವುದು ಅದೇ ವಾರಗಳಲ್ಲಿ.

ರಕ್ತದ ಭಾಷೆ

ಕೊಕೇನ್ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಮರೆಯಾಗುತ್ತದೆ. ಅದರ ಅವಶೇಷ ಮೂತ್ರದಲ್ಲಿ ಎರಡು-ಮೂರು ದಿನ ಸಿಕ್ಕೀತು. ಅದು ಹೇಳುವುದು ಸೇವನೆಯ ಕಥೆ, ಕಾಯಿಲೆಯ ಕಥೆಯಲ್ಲ. ಹೀಗಾಗಿ ಸ್ಪೇನ್‌ನ ಮಾಲಗಾದ ಸಂಶೋಧಕರು ಚಿಕಿತ್ಸೆಗೆ ಬಂದವರ ರಕ್ತದಲ್ಲಿ ಬೇರೆಯದನ್ನೇ ಅಳೆದರು: ಉರಿಯೂತದ ಸಂದೇಶ ಒಯ್ಯುವ ಸೈಟೊಕೈನ್, ಕೀಮೊಕೈನ್‌ಗಳು, ದೇಹ ತಾನೇ ತಯಾರಿಸಿಕೊಳ್ಳುವ, ಗಾಂಜಾವನ್ನು ಹೋಲುವ ಕೊಬ್ಬಿನಂಶಗಳು. ಚಟ ತೀವ್ರವಾದಷ್ಟೂ ಇವುಗಳಲ್ಲಿ ಕೆಲವು ಏರಿದ್ದವು. ಜೊತೆಗೆ ಮನೋರೋಗವೂ ಇದ್ದವರಲ್ಲಿ ಲೆಕ್ಕವೇ ಬೇರೆಯಾಗಿತ್ತು.

ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನಿನ ಮೇಲೂ ವಿಜ್ಞಾನಿಗಳ ಕಣ್ಣಿದೆ. ಆದರೆ ಅದು ಬರೀ ಖಿನ್ನತೆಯಲ್ಲೂ ಇಳಿಯುತ್ತದೆ. ಉರಿಯೂತವೋ, ಸೋಂಕಿನಲ್ಲೂ ಬೊಜ್ಜಿನಲ್ಲೂ ಏರುತ್ತದೆ. ಸಕ್ಕರೆ ಕಾಯಿಲೆಯ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಂಥದ್ದು ಕೊಕೇನ್ ಚಟಕ್ಕೆ ಇನ್ನೂ ಬಂದಿಲ್ಲ.

ನಮ್ಮ ಸೀಮೆಯ ಲೆಕ್ಕ

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕೊಕೇನ್ ಬಳಸುವವರು ಶೇ 0.10, ಮದ್ಯ ಸೇವಿಸುವವರು ಶೇ 14.6. ಹಿರಿಯೂರಿನ ಹೆದ್ದಾರಿ ಬದಿಯಲ್ಲಾಗಲಿ ಹೊಳಲ್ಕೆರೆಯ ಹಟ್ಟಿಯಲ್ಲಾಗಲಿ ಮನೆ ಮುರಿಯುವುದು ಹೆಚ್ಚಾಗಿ ಬಾಟಲಿಯೇ. ಕುಡಿತಕ್ಕೆ ರಕ್ತದ ಸುಳಿವುಗಳಿವೆ: ಯಕೃತ್ತಿಗಾದ ಹಾನಿಯನ್ನು ಜಿಜಿಟಿ ಹೇಳುತ್ತದೆ, ಕಳೆದ ಕೆಲವು ವಾರಗಳ ಕುಡಿತವನ್ನು ಫಾಸ್ಫಟಿಡಿಲ್ ಎಥನಾಲ್ ಹೇಳುತ್ತದೆ. ಆದರೆ ಕುಡಿದವನಿಗೆ ರಾತ್ರಿ ಯಾಕೆ ನಿದ್ದೆ ಬರುತ್ತಿರಲಿಲ್ಲ ಎಂಬುದನ್ನು ಇವೆರಡೂ ಹೇಳಲಾರವು.

ಅದನ್ನು ಕೇಳಿಯೇ ತಿಳಿಯಬೇಕು. ಕೇಳುವ ದಾರಿ ಹಾಕಿಕೊಟ್ಟಿದ್ದು ನಮ್ಮ ನೆರೆಯ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಚಟ, ಮನೋರೋಗ ಎರಡೂ ಇದ್ದವರಿಗೆ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಮರಳುತ್ತದೆ. ಆದ್ದರಿಂದ ಆಸ್ಪತ್ರೆಗೆ ಹೋದಾಗ ಕುಡಿತದ ಜೊತೆ ನಿದ್ದೆ, ಭಯ, ಸಾಯುವ ಮಾತು ಎಲ್ಲವನ್ನೂ ವೈದ್ಯರಿಗೆ ಹೇಳಿ.

ರಕ್ತಪರೀಕ್ಷೆ ಒಂದು ದಿನ ಬಂದೀತು. ಬಂದರೆ ಅದರ ದೊಡ್ಡ ಉಪಕಾರ, ಚಟವೂ ಕಾಯಿಲೆಯೇ ಎಂದು ಕಾಗದದ ಮೇಲೆ ತೋರಿಸಿಕೊಡುವುದು. ಫ್ಲೋರೈಡಿನಿಂದ ಹಲ್ಲಿಗೆ ಕಲೆ ಬಂದ ಮಗುವನ್ನು ನಾವು ಬೈಯಲಿಲ್ಲ, ನೀರು ಬದಲಿಸಿದೆವು. ಚಟಕ್ಕೆ ಬಿದ್ದವನಿಗೂ ಅಷ್ಟು ನ್ಯಾಯ ಸಿಗಲಿ.

ನೆರವಿಗೆ: ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446